ತೊಂಬೈನೂರು ಪೌಂಡ್ ಇಂಧನ

ವಯಸ್ಸಾದ ಹೆಂಗಸರು ಏನು ಓದಬೇಕು ಎಂಬ ವಿಷಯದಲ್ಲಿ ನಮ್ಮ ಕೋಲಾರದಲ್ಲಿ ಎಲ್ಲರಿಗೂ ಒಂದು ಖಚಿತವಾದ ಅಭಿಪ್ರಾಯವಿದೆ. ಮಧ್ಯಾಹ್ನದ ಹೊತ್ತು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವರು ನನ್ನ ಮಡಿಲಲ್ಲಿ ದಪ್ಪ ಪುಸ್ತಕ ಕಂಡರೆ, "ಯಾವ ಪಾರಾಯಣ ನಡೀತಿದೆ ಮಿಸ್?" ಎಂದು ಕಣ್ಣಿಗೆ ಒತ್ತಿಕೊಳ್ಳಲು ಕೈ ಚಾಚುತ್ತಾರೆ. ನಾನು ಅದಕ್ಕೆ ಬ್ರೌನ್ ಪೇಪರ್ ಹಾಕಿ ಲೇಬಲ್ ಅಂಟಿಸಿರುವುದರಿಂದ ಅವರ ಭಕ್ತಿಗೆ ಭಂಗ ಬಂದಿಲ್ಲ. ಪೇಪರಿನ ಅಡಿಯಲ್ಲಿ ಒಂದು ರಾಕೆಟ್ಟು ಬೆಂಕಿ ಕಾರುತ್ತಾ ಹೊರಟಿರುತ್ತದೆ. ಒಪ್ಪಿಕೊಂಡುಬಿಡುತ್ತೇನೆ: ನನಗೀಗ ಎಪ್ಪತ್ತಾರು, ಮಂಡಿ ಎರಡೂ ಔಟ್ ಆಫ್ ಆರ್ಡರ್, ಮತ್ತು ನಾನು ಓದುವುದು ಹಳೆಯ ಕಾಲದ ಹಾರ್ಡ್ ಸೈನ್ಸ್ ಫಿಕ್ಷನ್.

ಹಾರ್ಡ್ ಅಂದರೆ ಏನು ಎಂದು ಹುತ್ತೂರಿನಲ್ಲಿರುವ ನನ್ನ ನಾದಿನಿ ನಾಗವೇಣಿ ಒಮ್ಮೆ ಕೇಳಿದ್ದಳು. ನಾನು ವಿವರಿಸುವ ಮೊದಲೇ ರಟ್ಟನ್ನು ಬೆರಳಿನಿಂದ ಟಕಟಕ ಬಡಿದು ನೋಡಿ, ಹೌದು ಗಟ್ಟಿಯಾಗಿದೆ, ಅಂದಳು. ಆ ವ್ಯಾಖ್ಯಾನವೂ ಪೂರ್ತಿ ತಪ್ಪಲ್ಲ. ಈ ಜಾತಿಯ ಕಥೆಗಳಲ್ಲಿ ಗಗನನೌಕೆ ಸುಮ್ಮನೆ ಹಾರಿದರೆ ಸಾಲದು. ಎಷ್ಟು ಇಂಧನದಲ್ಲಿ, ಯಾವ ವೇಗದಲ್ಲಿ, ಯಾವ ಕೋನದಲ್ಲಿ ಎಂದು ಲೇಖಕ ಓದುಗರಿಗೆ ಲೆಕ್ಕ ಒಪ್ಪಿಸಬೇಕು. ದೇವರು ಪ್ರತ್ಯಕ್ಷನಾಗಿ ಕಾಪಾಡುವ ಹಾಗಿಲ್ಲ. ಕಾಪಾಡಿದರೂ ದೇವರ ತೂಕ ಎಷ್ಟು, ಅದಕ್ಕೆ ಎಕ್ಸ್‌ಟ್ರಾ ಇಂಧನ ಎಲ್ಲಿಂದ ಬಂತು ಎಂದು ಹೇಳಲೇಬೇಕು.

ಇವುಗಳನ್ನು ಈಗ ಓದುವುದರಲ್ಲಿ ಒಂದು ವಿಚಿತ್ರ ಸಂಕಟವಿದೆ. ಅವರು ಯಾವುದನ್ನು ಬಹಳ ದೂರದ ಭವಿಷ್ಯ ಎಂದು ಬರೆದಿದ್ದರೋ, ಆ ವರ್ಷ ನಾನು ಗಾಲ್ ಬ್ಲಾಡರ್ ತೆಗೆಸಿಕೊಂಡೆ. ಕಥೆಯಲ್ಲಿ ಅಷ್ಟು ಹೊತ್ತಿಗೆ ಮಂಗಳ ಗ್ರಹದಲ್ಲಿ ಗೋಧಿ ಬೆಳೆಯುತ್ತಿದೆ, ಆದರೆ ಅಲ್ಲಿಂದ ಹೆಂಡತಿಗೆ ಫೋನ್ ಮಾಡಲು ಗಂಡ ಬೂತಿನ ಮುಂದೆ ಕ್ಯೂ ನಿಂತಿದ್ದಾನೆ. ಕಂಪ್ಯೂಟರ್ ಒಂದು ಕಲ್ಯಾಣಮಂಟಪದಷ್ಟಿದೆ, ಉತ್ತರವನ್ನು ಕಾಗದದ ಪಟ್ಟಿಯ ಮೇಲೆ ತೂತು ಹಾಕಿ ಕೊಡುತ್ತದೆ. ಉಸಿರಾಡುವ ಗಾಳಿಯನ್ನು ಬಾಟಲಿಯಲ್ಲಿ ಅಳೆದು ತಂದಿರುವ ಕ್ಯಾಬಿನ್ನಿನಲ್ಲಿ ಕ್ಯಾಪ್ಟನ್ ಸಾಹೇಬರು ಪೈಪು ಸೇದುತ್ತಾರೆ. ನೌಕೆಯಲ್ಲಿ ಹೆಂಗಸು ಅಂತ ಇದ್ದರೆ ಒಬ್ಬಳು. ಅವಳು ಕಾಫಿ ತರುತ್ತಾಳೆ, ಮತ್ತು ಅವಸರದ ಸಮಯ ನೋಡಿ ಕಾಲು ಉಳುಕಿಸಿಕೊಳ್ಳುತ್ತಾಳೆ. ಶನಿಗ್ರಹದ ಉಂಗುರ ದಾಟುವ ಬುದ್ಧಿ ಇದ್ದವನಿಗೆ ತನ್ನ ಕಾಫಿ ತಾನು ಬೆರೆಸಿಕೊಳ್ಳುವುದು ಹೊಳೆದಿಲ್ಲ. ನನ್ನ ಅಕ್ಕನ ಮಗಳು, ಮಾಲೂರಿನ ಒಂದು ಆಫೀಸಿಗೆ ಹೋಗಿಬರುವವಳು, ನಾನಿರುವುದು ಅವಳ ಮನೆಯಲ್ಲೇ, ಇದನ್ನೆಲ್ಲ ಕೇಳಿ, "ಹಾಗಾದ್ರೆ ಯಾಕೆ ಓದ್ತೀಯಾ ಚಿಕ್ಕಮ್ಮ?" ಅಂದಳು. ನಾನು ಸರಿಯಾದ ಉತ್ತರ ಕೊಡಲಿಲ್ಲ. ನಿಜ ಏನೆಂದರೆ, ಆ ಪುಸ್ತಕಗಳಲ್ಲಿ ಎಂಥ ಕಷ್ಟ ಬಂದರೂ ಅದಕ್ಕೊಂದು ಉತ್ತರ ಇರುತ್ತದೆ, ಲಾಗ್ ಟೇಬಲ್ ತೆಗೆದುಕೊಂಡು ಕೂತರೆ ಸಿಗುತ್ತದೆ. ನನ್ನ ವಯಸ್ಸಿನ ಕಷ್ಟಗಳಿಗೆ ಟೇಬಲ್ಸ್ ಇನ್ನೂ ಪ್ರಿಂಟ್ ಆಗಿಲ್ಲ.

ಈ ಚಟ ಅಂಟಿದ್ದು ಗೋಲ್ಡ್ ಫೀಲ್ಡ್ಸಿನ ಕಾನ್ವೆಂಟಿನಲ್ಲಿ. ಗಣಿಯ ಯಾರೋ ಎಂಜಿನಿಯರು ಊರು ಬಿಡುವಾಗ ಒಂದು ಟ್ರಂಕು ಪುಸ್ತಕ ಸ್ಕೂಲಿಗೆ ಕೊಟ್ಟು ಹೋಗಿದ್ದ. ಲೈಬ್ರರಿ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಒಂದೊಂದನ್ನೂ ತಾವೇ ಓದಿ, ಇವುಗಳಲ್ಲಿ ಮುತ್ತಿಡಲು ಯಾರಿಗೂ ಪುರುಸೊತ್ತೇ ಇಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ನಮಗೆ ಬಿಟ್ಟರು. ನಮಗೆ ಅಂದರೆ ನನಗೆ ಮತ್ತು ಖೈರುನ್ನಿಸಾಗೆ. ಅವಳು ನನಗೆ ಖೈರು, ನಾನು ಪ್ರಮೀಳಾ ಅವಳಿಗೆ ಪಮ್ಮಿ. ಒಂದೇ ಬೆಂಚು, ಒಂದೇ ಟಿಫಿನ್ ಡಬ್ಬ, ಆಮೇಲೆ ಒಂದೇ ಕಸುಬು. ನಾನು ಶ್ರೀನಿವಾಸಪುರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮ್ಯಾಥ್ಸ್ ಮಿಸ್ ಆಗಿ ಮೂವತ್ತನಾಲ್ಕು ವರ್ಷ, ಡೆಸ್ಕಿನ ಕೆಳಗೆ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಕಡಿಯುವ ಸದ್ದಿನ ನಡುವೆ ಆಲ್ಜಿಬ್ರಾ ಕಲಿಸಿದೆ. ಅವಳು ಮುಳಬಾಗಿಲಿನಲ್ಲಿ ಫಿಸಿಕ್ಸ್. ಪುಸ್ತಕ ಒಂದೇ ಕಾಪಿ. ಮೊದಲು ನಾನು ಓದಿ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುವುದು, ಅವಳು ಮಾರ್ಜಿನ್ನಿನಲ್ಲಿ ಲೇಖಕನ ತಪ್ಪುಗಳನ್ನು ಕೆಂಪು ಇಂಕಿನಲ್ಲಿ ತಿದ್ದಿ ವಾಪಸ್ ಕಳಿಸುವುದು. ಅವಳು ಲೆಕ್ಕ ತಪ್ಪಿದ್ದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

ಇಲ್ಲೊಂದು ವಿಷಯ ಹೇಳಿಬಿಡಬೇಕು. ನಮ್ಮ ಕಡೆಯವರ ತಲೆಯೊಳಗೆ ಭಾಷೆಗಳು ಪಾಳಿ ಹಾಕಿಕೊಂಡು ಕೆಲಸ ಮಾಡುತ್ತವೆ. ಖೈರು ಮನೆಯಲ್ಲಿ ಆಡುವುದು ದಖ್ಖನಿ ಉರ್ದು, ನಾನು ಆಡುವುದು ಕನ್ನಡ, ಇಬ್ಬರೂ ಓದುವುದು ಇಂಗ್ಲಿಷು. ಆದರೆ ಎಣಿಕೆ ಮಾತ್ರ ತೆಲುಗು. ಸ್ಕೂಲಿನ ಅಂಗಳದಲ್ಲಿ ಕಲ್ಲಾಟ ಆಡುವಾಗ ಬಾಯಿಗೆ ಬಂದ ಒಕಟಿ, ರೆಂಡು, ಮೂಡು ಇನ್ನೂ ಹೋಗಿಲ್ಲ. ಆಲ್ಜಿಬ್ರಾ ಕಲಿಸಿದವಳು ನಾನು, ಈಗಲೂ ಅಕ್ಕಿ ಅಳೆಯುವಾಗ ತುಟಿ ತೆಲುಗಿನಲ್ಲೇ ಅಲ್ಲಾಡುತ್ತದೆ.

ಖೈರುವಿನ ಎಡಗಣ್ಣು ಗ್ಲಾಕೋಮಾದಲ್ಲಿ ಮೊದಲೇ ಹೋಗಿತ್ತು. ಈ ವರ್ಷ ಬಲಗಣ್ಣಿಗೂ ಮಂಜು ಇಳಿಯಿತು. ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರಂತೆ: ಆಪರೇಷನ್ ಮಾಡದಿದ್ದರೆ ಆರು ತಿಂಗಳಲ್ಲಿ ಅದೂ ಖಂಡಿತ ಹೋಗುತ್ತದೆ, ಮಾಡಿದರೆ ಉಳಿಯಬಹುದು, ಗ್ಯಾರಂಟಿ ಇಲ್ಲ. ಸರ್ಜನ್ ಬೇರೆ ಊರಿನಿಂದ ಕೋಲಾರಕ್ಕೆ ತಿಂಗಳಿಗೊಮ್ಮೆ ಬರುವವರು. ಶುಕ್ರವಾರ ಡೇಟು ಸಿಕ್ಕಿತ್ತು. ಬುಧವಾರ ಸಂಜೆ ನಾಲ್ಕು ಗಂಟೆಯೊಳಗೆ ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಿ, ಬರುತ್ತೇವೆ ಎಂದು ಫೋನಿನಲ್ಲಿ ಹೇಳದಿದ್ದರೆ ಆ ಜಾಗ ಕ್ಯೂನಲ್ಲಿರುವ ಇನ್ನೊಬ್ಬರಿಗೆ. ಖೈರು ಸೈನ್ ಹಾಕುತ್ತಿಲ್ಲ ಎಂದು ಅವಳ ತಂಗಿ ಜುಬೇದಾ ನನಗೆ ಫೋನ್ ಮಾಡಿ ಅತ್ತಳು. ಜುಬೇದಾ ಮನೆಯಲ್ಲೇ ರಜಾಯಿ ಹೊಲಿಯುವವಳು, ಗಟ್ಟಿ ಹೆಂಗಸು, ಅವಳು ಅತ್ತಿದ್ದು ನಾನು ಕೇಳಿದ್ದು ಅದೇ ಮೊದಲು.

ನಾನು ಖೈರುಗೆ ಬೈದೆ. ಅವಳು ಶಾಂತವಾಗಿ, ಆ ಹಳೇ ಚಂದ್ರನ ಮೇಲೆ ಇಳಿಯುವ ಪುಸ್ತಕ ನಿನ್ನ ಹತ್ತಿರ ಇದೆಯಲ್ಲ, ಅದನ್ನು ನನಗೆ ಫೋನಿನಲ್ಲಿ ಓದಿ ಹೇಳು, ಅಂದಳು. ಐವತ್ತು ವರ್ಷದ ಹಿಂದೆ ಓದಿದ್ದು. ಇಬ್ಬರಿಗೂ ಕಥೆ ಅರೆಬರೆ ನೆನಪಿತ್ತು, ಎಂಡಿಂಗ್ ಸಂಪೂರ್ಣ ಮರೆತಿತ್ತು. ಮುದಿತನದ ದೊಡ್ಡ ಅನುಕೂಲ ಇದು; ಮನೆಯಲ್ಲಿರುವ ಪುಸ್ತಕಗಳೇ ಹೊಸದಾಗುತ್ತಾ ಹೋಗುತ್ತವೆ. ಸೈನ್ ವಿಷಯ ಏನಾಯಿತು ಎಂದೆ. ಅದಕ್ಕೆ ಅವಳು ಹೇಳಿದ್ದು ಇದು.

"ಅವನು ನೆಲ ಮುಟ್ಟಲಿ ಪಮ್ಮಿ, ನಾನೂ ಟೇಬಲ್ ಮೇಲೆ ಮಲಗ್ತೀನಿ. ಮುಟ್ಟಲಿಲ್ಲ ಅಂದ್ರೆ ಇರೋ ಬೆಳಕನ್ನ ಆರು ತಿಂಗಳು ನೋಡ್ಕೊಂಡು ಇರ್ತೀನಿ."

ಜಾತಕ ತೋರಿಸುವವರನ್ನು, ತಾಯತ ಕಟ್ಟಿಸುವವರನ್ನು ಜೀವನಪೂರ್ತಿ ಗೇಲಿ ಮಾಡಿದವಳು. ಇದೇನು ಶಕುನ ಕೇಳುವುದು ಫಿಸಿಕ್ಸ್ ಮಿಸ್ಸು ಎಂದೆ. ಶಕುನ ಅಲ್ಲವಂತೆ. ಅವನ ಮುಂದೆಯೂ ಗ್ಯಾರಂಟಿ ಇಲ್ಲದ ಇಳಿಯುವಿಕೆ, ತನ್ನ ಮುಂದೆಯೂ ಅದೇ. ಧೈರ್ಯ ಮಾಡಿದವನಿಗೆ ಲೆಕ್ಕ ಏನು ಹೇಳಿತು ಎಂದು ತಿಳಿಯಬೇಕಂತೆ, ಅಷ್ಟೇ. ಹೆದರಿಕೊಂಡವರ ತರ್ಕಕ್ಕೆ ಸಿಲೆಬಸ್ ಇರುವುದಿಲ್ಲ. ನಾನು ಓದಲು ಶುರು ಮಾಡಿದೆ.

ದಿನಾ ಮಧ್ಯಾಹ್ನ ಎರಡೂವರೆಗೆ ಅಡುಗೆಮನೆ ಕಿಟಕಿಯ ಹತ್ತಿರ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆ, ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಲ್ಲೇ. ಒಂದು ವಾಕ್ಯ ಇಂಗ್ಲಿಷು, ಅದರ ಮೇಲೊಂದು ಕನ್ನಡದ ವ್ಯಾಖ್ಯಾನ. ಮುಂದಿನ ಪುಟ ಕದ್ದು ನೋಡಬಾರದು ಎಂಬುದು ಕಾನ್ವೆಂಟಿನ ಕಾಲದ ನಮ್ಮ ರೂಲು, ಅದನ್ನು ನಾನು ಮುರಿಯಲಿಲ್ಲ. ಕಥೆ ಸರಳ. ಗಾಳಿಯಿಲ್ಲದ ಒಂದು ದೂರದ ಚಂದ್ರನ ಮೇಲೆ ಪೈಲಟ್ ಒಬ್ಬನೇ ಇಳಿಯಬೇಕು. ಗಾಳಿ ಇಲ್ಲ, ಆದ್ದರಿಂದ ಪ್ಯಾರಾಶೂಟ್ ನಡೆಯುವುದಿಲ್ಲ. ಇಂಜಿನ್ ಉರಿಸಿಯೇ ವೇಗ ತಗ್ಗಿಸಬೇಕು. ಒಂದು ಟ್ಯಾಂಕು ಸೋರಿಹೋಗಿದೆ. ಉಳಿದ ಇಂಧನ ಸಾಕೋ ಸಾಲದೋ ಎಂಬುದೇ ಕೊನೆಯ ಪ್ರಶ್ನೆ. ಸೋಮವಾರ ಆ ಅಧ್ಯಾಯಕ್ಕೆ ಬಂದೆವು. ಹಿಂದೆ ಒಲೆಯ ಮೇಲೆ ಅವರೆಕಾಳಿಗೆ ಕುಕ್ಕರ್ ಇಟ್ಟಿದ್ದೆ. ಅವನ ವೇಗ, ನೌಕೆಯ ತೂಕ, ಇಂಜಿನ್ನಿನ ಶಕ್ತಿ, ಉಳಿದ ಇಂಧನ ಎಲ್ಲವನ್ನೂ ಇಂಗ್ಲಿಷ್ ಬಿಟ್ಟು ಕನ್ನಡದಲ್ಲೇ ಒಂದೊಂದಾಗಿ ಹೇಳಿದೆ. ಅವಳು ಆ ಕಡೆಯಿಂದ ಹೂಂ, ಹೂಂ ಅಂದಳು. ಪೈಲಟ್ ಲಿವರಿನ ಮೇಲೆ ಕೈ ಇಟ್ಟ. ಪುಟ ತಿರುಗಿಸಿದೆ. ಹಿಂಬದಿಯ ರಟ್ಟು.

ಮತ್ತೆ ತಿರುಗಿಸಿದೆ. ರಟ್ಟೇ. ಬೈಂಡಿಂಗಿನ ಹತ್ತಿರ ಏಳೆಂಟು ಹಾಳೆಯ ಹರಿದ ಅಂಚು ಹಲ್ಲುಗಳ ಹಾಗೆ ನಿಂತಿತ್ತು.

"ಹೂಂ, ಮುಂದೆ?" ಅಂದಳು ಖೈರು.

ಬಾಗಿಲಲ್ಲಿ ಯಾರೋ ಬಂದರು, ನಾಳೆ ಓದ್ತೀನಿ ಎಂದು ಫೋನ್ ಇಟ್ಟೆ. ಬಾಗಿಲಲ್ಲಿ ಯಾರೂ ಇರಲಿಲ್ಲ.

ಹಾಳೆಗಳು ಎಲ್ಲಿಗೆ ಹೋದವೆಂದು ತಿಳಿಯಲು ಬಹಳ ಯೋಚಿಸಬೇಕಾಗಲಿಲ್ಲ. ಎಷ್ಟೋ ವರ್ಷದ ಹಿಂದೆ ಆ ಪುಸ್ತಕದ ಪೆಟ್ಟಿಗೆ ಹುತ್ತೂರಿನಲ್ಲಿ ನಾಗವೇಣಿಯ ಮನೆಯ ಅಟ್ಟದಲ್ಲಿತ್ತು. ಅವರದು ರೇಷ್ಮೆ ಸಾಕುವ ಮನೆ. ಫೋನ್ ಮಾಡಿದೆ. ಅವಳಿಗೆ ನಾಚಿಕೆಯೇನೂ ಆಗಲಿಲ್ಲ. ಹೌದು ಅತ್ತಿಗೆ, ಹುಳದ ತಟ್ಟೆಗೆ ಹಾಸಲು ಪೇಪರ್ ಸಾಲದೆ ಹಿಂದಿನಿಂದ ಒಂದಷ್ಟು ಹಾಳೆ ಕಿತ್ತುಕೊಂಡೆವು, ಒಳ್ಳೆ ದಪ್ಪ ಪೇಪರು, ಆ ಸಲ ಹುಳ ಒಂದೂ ಸಾಯಲಿಲ್ಲ, ಅಂದಳು. ನನ್ನ ಪೈಲಟ್ ಇಳಿದನೋ ಸತ್ತನೋ ಎಂಬುದನ್ನು ಹುತ್ತೂರಿನ ಹುಳಗಳು ಮೂರನೇ ಜ್ವರಕ್ಕೆ, ಅಂದರೆ ಪೊರೆ ಬಿಡುವ ನಿದ್ದೆಗೆ, ಮಲಗಿ ಎದ್ದು ತಿಳಿದುಕೊಂಡವು. ಅವುಗಳ ನಂತರ ಆ ವಿಷಯ ಬಲ್ಲವರು ಕೋಲಾರ ಜಿಲ್ಲೆಯಲ್ಲಿ ಯಾರೂ ಉಳಿದಿಲ್ಲ. ಅಕ್ಕನ ಮಗಳು ಸಂಜೆ ಬಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದಳು. ಬೇರೆ ಕಾಪಿ ತರಿಸಬಹುದು, ಬರಲು ಮೂರು ವಾರ. ಓದಿದ ಒಬ್ಬ ಪುಣ್ಯಾತ್ಮ ಮಾತ್ರ ಅಭಿಪ್ರಾಯ ಬರೆದಿದ್ದ: ಬೋರಿಂಗ್, ತುಂಬಾ ಮ್ಯಾಥ್ಸ್. ಒಂದು ಸ್ಟಾರ್ ಕೊಟ್ಟಿದ್ದ. ಇಳಿದನೇ ಎಂದು ಹೇಳಿರಲಿಲ್ಲ.

ಆಗ ನನಗೆ ಹೊಳೆಯಿತು, ಇದು ಹಾರ್ಡ್ ಸೈನ್ಸ್ ಫಿಕ್ಷನ್ ಅಲ್ಲವೇ. ಬೇರೆ ಕಥೆಯಾಗಿದ್ದರೆ ಲೇಖಕನ ಮನಸ್ಸಿನಲ್ಲಿ ಏನಿತ್ತೋ ಯಾರು ಬಲ್ಲರು. ಇಲ್ಲಿ ಸಂಖ್ಯೆಗಳೆಲ್ಲ ಕಣ್ಣ ಮುಂದಿವೆ. ಹಾಳೆ ಹರಿದರೂ ಉತ್ತರ ಹರಿಯುವುದಿಲ್ಲ. ಅಕ್ಕನ ಮಗಳ ಆಫೀಸಿನ ರಫ್ ಪ್ಯಾಡ್ ತೆಗೆದುಕೊಂಡು ಕೂತೆ. ಮಂಗಳವಾರ ಬೆಳಿಗ್ಗೆ ಉತ್ತರ ಬಂತು. ಇಳಿಯಲು ಬೇಕಾದ ಇಂಧನ ಎಂಟುನೂರ ಅರವತ್ತು ಪೌಂಡ್. ಪುಸ್ತಕದ ಪ್ರಕಾರ ಅವನ ಹತ್ತಿರ ಇರುವುದು ತೊಂಬೈನೂರು. ಇಳಿಯುತ್ತಾನೆ. ನಲವತ್ತು ಪೌಂಡ್ ಉಳಿಸಿಕೊಂಡು ಇಳಿಯುತ್ತಾನೆ. ನಾನು ಒಬ್ಬಳೇ ಅಡುಗೆಮನೆಯಲ್ಲಿ ಕೈ ಚಪ್ಪಾಳೆ ತಟ್ಟಿದೆ. ಫೋನ್ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಅದೇ ಬಡಿದುಕೊಂಡಿತು.

"ಪಮ್ಮಿ, ಇನ್ನು ಓದೋದು ಬೇಡ," ಅಂದಳು ಖೈರು. "ರಾತ್ರಿಯೆಲ್ಲ ಮನಸ್ಸಲ್ಲೇ ಲೆಕ್ಕ ಮಾಡ್ದೆ. ಅವನು ಸಾಯ್ತಾನೆ ಕಣೇ."

ನಾನು ಏನೋ ಹೇಳಲು ಹೋದೆ. ಹತ್ತಿರಕ್ಕೂ ಬರಲ್ಲ, ನೀನು ಸಮಾಧಾನಕ್ಕೆ ಏನೂ ಹೇಳಬೇಡ ಎಂದು ಇಟ್ಟುಬಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ. ಮಧ್ಯಾಹ್ನ ಜುಬೇದಾ ಫೋನ್ ಮಾಡಿ ಪಿಸುದನಿಯಲ್ಲಿ ಅಕ್ಕನ ವಿಷಯ ಹೇಳಿದಳು. ಆಪಾ ಒಪ್ಪಿಗೆ ಪತ್ರವನ್ನು ನಾಲ್ಕು ಮಡಿಕೆ ಮಡಿಸಿ ಸಕ್ಕರೆ ಡಬ್ಬಿಯ ಅಡಿಗೆ ಇಟ್ಟಿದ್ದಾರೆ, ಆಸ್ಪತ್ರೆಯವರಿಗೆ ಬರಲ್ಲ ಅಂತ ಹೇಳಿಬಿಡು ಅಂದಿದ್ದಾರೆ, ನಾನು ಇನ್ನೂ ಹೇಳಿಲ್ಲ, ನೀವು ಏನಾದರೂ ಮಾಡಿ.

ಇಲ್ಲಿಂದ ನನಗೆ ಬೇರೆ ಭಯ ಶುರುವಾಯಿತು. ಲೆಕ್ಕವನ್ನು ಇನ್ನೆರಡು ಸಲ ಮಾಡಿದೆ. ಎರಡು ಸಲವೂ ಇಳಿದ. ಆದರೆ ಖೈರು ಲೆಕ್ಕ ತಪ್ಪುವವಳಲ್ಲ. ಹಾಗಾದರೆ ತಪ್ಪುತ್ತಿರುವವಳು ನಾನು, ಅದೂ ಎಲ್ಲಿ ತಪ್ಪುತ್ತಿದ್ದೇನೆಂದು ಕಾಣದಷ್ಟು. ಹೋದ ತಿಂಗಳು ಕನ್ನಡಕವನ್ನು ಫ್ರಿಜ್ಜಿನಲ್ಲಿಟ್ಟು ಊರೆಲ್ಲ ಹುಡುಕಿದ್ದೆ. ಅದಕ್ಕೆ ನಕ್ಕಿದ್ದೆವು. ಕನ್ನಡಕ ಕಳೆದರೆ ನಗಬಹುದು. ಮ್ಯಾಥ್ಸ್ ಮಿಸ್ಸಿಗೆ ಕೂಡು ಕಳೆಯುವುದು ಕಳೆದುಹೋದರೆ ಹುಡುಕುವುದು ಯಾವ ಫ್ರಿಜ್ಜಿನಲ್ಲಿ? ಆ ದಿನವೆಲ್ಲ ಹದಿನೇಳರ ಮಗ್ಗಿ, ಹತ್ತೊಂಬತ್ತರ ಮಗ್ಗಿ ಹೇಳಿಕೊಳ್ಳುತ್ತಾ ಓಡಾಡಿದೆ. ಅಕ್ಕನ ಮಗಳು ಏನೋ ಸ್ತೋತ್ರ ಎಂದುಕೊಂಡು ಟಿವಿ ಸೌಂಡು ಕಡಿಮೆ ಮಾಡಿದಳು.

ಬುಧವಾರ ಬೆಳಿಗ್ಗೆ ಪುಸ್ತಕವನ್ನೂ ರಫ್ ಪ್ಯಾಡನ್ನೂ ಚೀಲಕ್ಕೆ ಹಾಕಿಕೊಂಡು ಮುಳಬಾಗಿಲಿನ ಬಸ್ಸು ಹತ್ತಿದೆ ಎಂದರೆ ಸುಳ್ಳಾಗುತ್ತದೆ. ಹತ್ತಲು ಹೋದೆ, ಎರಡು ಬಸ್ಸು ತುಂಬಿ ಹೋದವು, ಮಂಡಿ ಸಹಕರಿಸಲಿಲ್ಲ. ಮೂರನೆಯದರಲ್ಲಿ ಜಾಗ ಸಿಕ್ಕಾಗ ಒಂದೂವರೆ ದಾಟಿತ್ತು. ದೇವರಾಯಸಮುದ್ರದ ಹತ್ತಿರ ಯಾವುದೋ ಲಾರಿ ಅಡ್ಡ ನಿಂತು ಬಸ್ಸು ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ. ಎಲ್ಲರೂ ಇಳಿದು ಕೆರೆಯ ಗಾಳಿ ತಗೊಂಡರು. ನಾನು ಸೀಟಿನಲ್ಲೇ ಕೂತು ಟಿಕೆಟ್ಟಿನ ಹಿಂಬದಿಯಲ್ಲಿ ನಾಲ್ಕನೇ ಸಲ ಲೆಕ್ಕ ಮಾಡಿದೆ. ಇಳಿದ. ಪಕ್ಕದ ಹೆಂಗಸು ನನ್ನ ಟಿಕೆಟ್ಟನ್ನೂ ಮುಖವನ್ನೂ ನೋಡಿ, ಏನಮ್ಮಾ ಚಿಲ್ಲರೆ ಕಮ್ಮಿ ಕೊಟ್ಟನಾ ಎಂದು ಕೇಳಿದಳು. ಗಡಿಯಾರದಲ್ಲಿ ಎರಡು ಐವತ್ತು.

ಖೈರು ಮನೆ ಮುಟ್ಟಿದಾಗ ಮೂರು ಇಪ್ಪತ್ತು. ಅವಳು ಮಂಚದ ಮೇಲೆ ಗೋಡೆಗೆ ಒರಗಿ, ಕಪ್ಪು ಕನ್ನಡಕ ಹಾಕಿಕೊಂಡು, ನನ್ನ ಚಪ್ಪಲಿ ಸದ್ದಿಗೇ, "ಮಂಡಿ ನೋವಿಟ್ಕೊಂಡು ಯಾಕೆ ಬಂದ್ಯೇ, ಸತ್ತವನ ಮನೆಗೆ ಬಂದ ಹಾಗೆ," ಅಂದಳು. ಜುಬೇದಾ ಬಾಗಿಲ ಹತ್ತಿರ ಅರ್ಧ ಹೊಲಿದ ರಜಾಯಿ ಮಡಿಲಲ್ಲಿಟ್ಟುಕೊಂಡು, ಒಂದು ಕಣ್ಣು ಫೋನಿನ ಮೇಲಿಟ್ಟು ಕೂತಿದ್ದಳು. ನಾನು ನೀರೂ ಕುಡಿಯದೆ ಪ್ಯಾಡ್ ತೆಗೆದೆ.

"ಇಳಿಯೋದಕ್ಕೆ ಎಷ್ಟು ಬೇಕು ಅಂತ ಬಂತು ನಿನಗೆ?" ಎಂದೆ. ಅವಳ ಉತ್ತರ ಬೇರೆಯಾಗಿದ್ದರೆ ನನ್ನ ತಲೆ ಹೋಯಿತು ಎಂದೇ ಅರ್ಥ.

"ಎಂಟುನೂರ ಅರವತ್ತು ಪೌಂಡು."

"ನಂದೂ ಅಷ್ಟೇ."

"ಮತ್ತೆ? ಸಾಯ್ತಾನಲ್ಲ."

"ಬದುಕ್ತಾನಲ್ಲೇ."

ಒಂದೇ ಉತ್ತರ ಬಂದಿದೆ, ಒಬ್ಬಳ ಲೆಕ್ಕದಲ್ಲಿ ಹೆಣ, ಇನ್ನೊಬ್ಬಳ ಲೆಕ್ಕದಲ್ಲಿ ಜೀವ. ಹೋಗಿರುವುದು ನನ್ನ ತಲೆಯಲ್ಲ, ಇವಳದು ಎಂಬ ಯೋಚನೆ ಬಂದು, ಅದಕ್ಕಿಂತ ನನ್ನದೇ ಹೋಗಿದ್ದರೆ ವಾಸಿಯಾಗಿತ್ತು ಅನ್ನಿಸಿತು. ಮೂರು ಮೂವತ್ತೈದು.

ನಾನು ಒಂದನೇ ಕ್ಲಾಸಿನ ಮಗುವಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದೆ. "ಖೈರು, ಎಂಟುನೂರ ಅರವತ್ತಕ್ಕಿಂತ ತೊಂಬೈನೂರು ದೊಡ್ಡದಲ್ವಾ?"

"ದೊಡ್ಡದು. ಅದಕ್ಕೇನೀಗ?"

"ಅವನ ಹತ್ರ ಇರೋದು ಅಷ್ಟೇ ಅಲ್ವಾ?"

"ಅವನ ಹತ್ರ ಇರೋದು ತೊಂಭೈ ಅಲ್ವೇನೇ," ಅಂದಳು. ಅವಳ ದನಿಯಲ್ಲೂ ಅದೇ ಒಂದನೇ ಕ್ಲಾಸಿನ ಕನಿಕರ ಇತ್ತು. ನನ್ನ ತಲೆಯ ಬಗ್ಗೆ ಅವಳಿಗೂ ಅದೇ ಅನುಮಾನ ಬಂದಿತ್ತು.

"ಅದೇ ನಾನೂ ಹೇಳ್ತಿರೋದು. ತೊಂಬೈ."

"ಅದೇ. ತೊಂಭೈ."

ಹೀಗೆ ನಾವು ಇನ್ನೂ ನಾಲ್ಕು ಸಲ ಪರಸ್ಪರ ಒಪ್ಪಿಕೊಂಡೆವೆಂದು ಕಾಣುತ್ತದೆ. ಎರಡು ಪದವಿ, ಎರಡು ಬಿ.ಎಡ್., ಒಟ್ಟು ಅರವತ್ತೇಳು ವರ್ಷದ ಸರ್ವೀಸು. ಕೊನೆಗೆ ಬಾಗಿಲ ಹತ್ತಿರದಿಂದ, ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ಜುಬೇದಾ, ಸೂಜಿಯನ್ನು ಬಾಯಿಂದ ತೆಗೆದು ಮಾತಾಡಿದಳು.

"ಆಪಾ, ನೌ ಸೌ ಕಿ ನವ್ವೇ? ಸಾಫ್ ಬೋಲೋ. ಒಬ್ರು ಕನ್ನಡದಲ್ಲಿ ಹೇಳ್ತಾವ್ರೆ, ಒಬ್ರು ತೆಲುಗಲ್ಲಿ ಕೇಳ್ತಾವ್ರೆ."

ನಮ್ಮ ಸೀಮೆಯವರಲ್ಲದವರಿಗೆ ಹೇಳುತ್ತೇನೆ: ಅವಳು ಕೇಳಿದ್ದು ಒಂಬೈನೂರೋ ತೊಂಬತ್ತೋ ಎಂದು. ತೊಂಬೈನೂರು ಅಂದರೆ ನಮ್ಮ ಬಾಯಲ್ಲಿ ಒಂಬೈನೂರು, ನೈನ್ ಹಂಡ್ರೆಡ್. ಅದರ ಬಾಲ ಕತ್ತರಿಸಿ ತೊಂಭೈ ಅಂದರೆ ಅದು ತೆಲುಗಿನ ತೊಂಬತ್ತು. ಸೋಮವಾರ ನಾನು ಕಿಟಕಿಯ ಹತ್ತಿರ ಕೂತು "ತೊಂಬೈ" ಎಂದು ಬಾಯಿ ತೆರೆದ ಗಳಿಗೆಗೆ ಸರಿಯಾಗಿ ಹಿಂದೆ ಅವರೆಕಾಳಿನ ಕುಕ್ಕರ್ ಸೀಟಿ ಹೊಡೆದಿತ್ತು. "ನೂರು" ಆವಿಯಾಗಿ ಹೋಯಿತು. ಮೈಸೂರಿನವರಾಗಿದ್ದರೆ ಅರ್ಧ ಮಾತು ಎಂದು ತಿಳಿದು ಇನ್ನೊಮ್ಮೆ ಹೇಳು ಅನ್ನುತ್ತಿದ್ದರು. ವಿಜಯವಾಡದವರಿಗೆ ನಾನು ಫೋನ್ ಮಾಡುತ್ತಿರಲಿಲ್ಲ. ಎಣಿಕೆಗೆ ತೆಲುಗು ಇಟ್ಟುಕೊಂಡ ಮುಳಬಾಗಿಲಿನವಳಿಗೆ ಅದು ಪೂರ್ತಿ ಸಂಖ್ಯೆಯಾಗಿ ಕೇಳಿಸಿತು, ತೊಂಬತ್ತು ಪೌಂಡು. ಒಂದು ಸೀಟಿಗೆ ಎಂಟುನೂರ ಹತ್ತು ಪೌಂಡ್ ಇಂಧನ ಸೋರಿತ್ತು. ಪುಸ್ತಕದಲ್ಲಿ ಒಡೆದ ಟ್ಯಾಂಕಿನಿಂದಲೂ ಅಷ್ಟು ಸೋರಿರಲಿಲ್ಲ.

ನಾನು ಕಾನ್ವೆಂಟಿನ ಇಂಗ್ಲಿಷಿನಲ್ಲಿ, ಸಿಸ್ಟರ್ ಡಿಕ್ಟೇಷನ್ ಕೊಡುತ್ತಿದ್ದ ದನಿಯಲ್ಲಿ, "ನೈನ್ ಹಂಡ್ರೆಡ್. ನೈನ್, ಝೀರೋ, ಝೀರೋ," ಎಂದೆ. ಖೈರು ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು. ಅವಳ ಬೆರಳು ಮಾತ್ರ ಹಾಸಿಗೆಯ ಮೇಲೆ ಏನೋ ಗೀಚುತ್ತಿತ್ತು. ನಲವತ್ತು ಉಳಿಯತ್ತೆ ಅಂತ ಅವಳಷ್ಟಕ್ಕೇ ಹೇಳಿಕೊಂಡಿದ್ದು ಕೇಳಿಸಿತು. ಮೂರು ನಲವತ್ತೆಂಟು. ಜುಬೇದಾ ಸಕ್ಕರೆ ಡಬ್ಬಿಯ ಹತ್ತಿರ ಹೋಗಿ ನಿಂತಿದ್ದಳು.

"ಸರಿ," ಅಂದಳು ಖೈರು. "ಲೆಕ್ಕ ಹೇಳಿತು. ಅವನು ಮಾಡಿದ್ನಾ? ಕೊನೆ ಪುಟ ಓದು."

ಚೀಲದಿಂದ ಪುಸ್ತಕ ತೆಗೆದೆ. ಹಿಂದಿನ ಹಲ್ಲುಹಲ್ಲಾದ ಅಂಚನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡೆ, ಖೈರುವಿಗೆ ಅದು ಕಾಣದಿದ್ದರೂ. ನಿಜ ಹೇಳುವವಳೇ ಇದ್ದೆ. ಹುತ್ತೂರು, ಹುಳ, ತಟ್ಟೆ ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ಅವಳು ಮಡಿಲಲ್ಲಿ ಕೈ ಜೋಡಿಸಿಕೊಂಡು, ಟ್ರಂಕಿನ ಮುಂದೆ ಕೂತ ಹನ್ನೆರಡು ವರ್ಷದವಳ ಹಾಗೆ ಕಾಯುತ್ತಿದ್ದಳು. ನಾನು ಖಾಲಿ ರಟ್ಟನ್ನು ನೋಡಿಕೊಂಡು ಓದಲು ಶುರು ಮಾಡಿದೆ.

ಅವನು ಲಿವರ್ ಎಳೆದ ಎಂದೆ. ಇಂಜಿನ್ ಹೊತ್ತಿತು ಎಂದೆ. ಇಂಧನದ ಮೀಟರಿನ ಸೂಜಿ ಏಳುನೂರಕ್ಕೆ ಬಂತು, ನಾನೂರಕ್ಕೆ ಬಂತು, ಈ ಸಲ ಒಂದೊಂದು ಸಂಖ್ಯೆಯನ್ನೂ ಇಂಗ್ಲಿಷಿನಲ್ಲೇ ಹೇಳಿದೆ. ನೆಲ ಹತ್ತಿರವಾಯಿತು, ಧೂಳು ಮೋಡದ ಹಾಗೆ ಎದ್ದು ಕಿಟಕಿಯನ್ನು ಮುಚ್ಚಿತು ಎಂದಾಗ ಖೈರು ಕೈ ಎತ್ತಿದಳು. ಗಾಳಿ ಇಲ್ಲದ ಕಡೆ ಧೂಳು ಮೋಡವಾಗಿ ನಿಲ್ಲುವುದಿಲ್ಲವಂತೆ, ಎರಚಿದ ಹಾಗೆ ದೂರ ಹೋಗಿ ಬೀಳುತ್ತದಂತೆ. ಬರೆದವನು ಹಾಗೆ ಬರೆದಿದ್ದಾನೆ, ನಾನೇನು ಮಾಡಲಿ ಎಂದು ಸಿಡುಕಿದೆ. ಸುಳ್ಳು ಹೇಳುವುದು ಕಷ್ಟವಲ್ಲ, ಫಿಸಿಕ್ಸ್ ಮಿಸ್ಸಿಗೆ ಹೇಳುವುದು ಕಷ್ಟ. ಢಂ ಎಂಬ ಸದ್ದು ಬಾಯಿಗೆ ಬಂದಿತ್ತು, ಗಾಳಿ ಇಲ್ಲದ್ದು ನೆನಪಾಗಿ ನುಂಗಿಕೊಂಡು, ಕುರ್ಚಿಯ ಮೂಲಕ ಒಂದು ಅದುರು ಅವನ ಬೆನ್ನಿಗೆ ಬಂತು ಎಂದು ತಿದ್ದಿಕೊಂಡೆ. ಆಮೇಲೆ ಎಲ್ಲ ನಿಶ್ಶಬ್ದವಾಯಿತು. ಅವನು ಬೆಲ್ಟ್ ಬಿಚ್ಚಿದ. ಕಿಟಕಿಯಲ್ಲಿ ಬೆಳಕು ಇತ್ತು. ಅಷ್ಟೇ, ಮುಗೀತು ಎಂದು ಪುಸ್ತಕ ಮುಚ್ಚಿದೆ.

ಖೈರು ಹಾಸಿಗೆಯ ಮೇಲೆ ಬೆರಳಿನಿಂದ ಇನ್ನೊಮ್ಮೆ ಲೆಕ್ಕ ಗೀಚಿದಳು. ಅದಕ್ಕೆ ಮೂರು ನಿಮಿಷ ಹಿಡಿಯಿತು. ನನಗೆ ಗೊತ್ತು, ಗಡಿಯಾರ ಎದುರಿಗೇ ಇತ್ತು. ಆಮೇಲೆ ಜುಬೇದಾಳನ್ನು ಪೆನ್ ಎಲ್ಲಿ ಎಂದು ಕೇಳಿದಳು. ಜುಬೇದಾ ಸಕ್ಕರೆ ಅಂಟಿದ ಕಾಗದವನ್ನು ಬಿಡಿಸಿ, ಅವಳ ಕೈ ಹಿಡಿದು ಸರಿಯಾದ ಗೆರೆಯ ಮೇಲೆ ಇಟ್ಟಳು. ಸೈನ್ ಸ್ವಲ್ಪ ಇಳಿಜಾರಾಗಿ ಹೋಯಿತು. ಆಸ್ಪತ್ರೆಯ ಫೋನು ಬಂದಾಗ ನಾಲ್ಕಕ್ಕೆ ಒಂದು ನಿಮಿಷ ಇತ್ತು. ಬರ್ತಾರೆ ಸಾರ್, ಬರ್ತಾರೆ ಎಂದು ಜುಬೇದಾ ಎರಡೆರಡು ಸಲ ಹೇಳಿ, ಫೋನ್ ಇಟ್ಟು, ರಜಾಯಿಯಲ್ಲಿ ಮುಖ ಒರೆಸಿಕೊಂಡಳು.

ಶುಕ್ರವಾರದ ವಿಷಯ ನಾನು ಬರೆಯುವುದಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ನಾನು, ಜುಬೇದಾ ಕೂತಿದ್ದೆವು. ನನ್ನ ಬಾಯಲ್ಲಿ ಮಗ್ಗಿ, ಅವಳ ಬಾಯಲ್ಲಿ ದುವಾ. ಯಾವುದು ಕೆಲಸ ಮಾಡಿತೋ ಗೊತ್ತಿಲ್ಲ. ಎರಡು ವಾರದ ಮೇಲೆ ಖೈರು ದಪ್ಪ ಅಕ್ಷರ ಓದಿದಳು, ತಿಂಗಳಿಗೆ ಸಣ್ಣ ಅಕ್ಷರ. ನೋಡಲು ಹೋದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಷ್ಟು ಮುದುಕಿ ಆಗಿದ್ದೀಯಾ ಎಂದು ಗೊತ್ತಿರಲಿಲ್ಲ ಅಂದಳು. ಆಮೇಲೆ ದಿಂಬಿನ ಪಕ್ಕದಿಂದ ಆ ಪುಸ್ತಕ ತೆಗೆದಳು. ನಾನು ಅವತ್ತು ಗಾಬರಿಯಲ್ಲಿ ಅಲ್ಲೇ ಬಿಟ್ಟು ಬಂದಿದ್ದೆ. ಹಿಂದಿನ ರಟ್ಟು ತೆರೆದು, ಹರಿದ ಅಂಚನ್ನು ಒಂದೊಂದೇ ಎಣಿಸಿದಳು, ಒಕಟಿ, ರೆಂಡು, ಮೂಡು ಎಂದು ಎಂಟರವರೆಗೆ. ನಾನು ಕಿಟಕಿಯ ಹೊರಗೆ ನೋಡಿದೆ. ಅವಳು ಬೈಯಲಿಲ್ಲ. ಒಂದು ನೋಟ್‌ಬುಕ್ಕು ನನ್ನ ಕಡೆ ತಳ್ಳಿ, "ಅವತ್ತು ಓದಿದ್ದನ್ನ ಹಾಗೇ ಬರ್ಕೊಡು, ನನ್ನ ಕಣ್ಣಲ್ಲಿ ಓದ್ಬೇಕು," ಅಂದಳು.

ಬರೆದುಕೊಟ್ಟೆ. ಚೆಂದದ ಅಕ್ಷರದಲ್ಲಿ, ಮಾರ್ಜಿನ್ ಹಾಕಿ. ಮುಂದಿನ ವಾರ ಅದು ಬಸ್ಸಿನಲ್ಲಿ ವಾಪಸ್ ಬಂತು. ಧೂಳಿನ ಮೋಡಕ್ಕೆ ಕೆಂಪು ಇಂಕಿನ ಅಡ್ಡಗೆರೆ, ಸೂಜಿ ಇಳಿದ ವೇಗಕ್ಕೆ ಎರಡು ಪ್ರಶ್ನಾರ್ಥಕ ಚಿಹ್ನೆ, ಕುರ್ಚಿಯ ಅದುರಿಗೆ ಮಾತ್ರ ಒಂದು ಪುಟ್ಟ ರೈಟ್ ಮಾರ್ಕು. ಕೊನೆಯಲ್ಲಿ ವೃತ್ತ ಹಾಕಿ ಹತ್ತಕ್ಕೆ ನಾಲ್ಕು. ಅದರ ಕೆಳಗೆ, ಶ್ರೀನಿವಾಸಪುರದ ಸಾವಿರಾರು ಹೆಣ್ಣುಮಕ್ಕಳ ಪೇಪರಿನ ಮೇಲೆ ನಾನು ಮೂವತ್ತನಾಲ್ಕು ವರ್ಷ ನಿರ್ದಯವಾಗಿ ಬರೆದ ಅದೇ ಮಾತು: ಉತ್ತರ ಸರಿ, ಸ್ಟೆಪ್ಸ್ ತೋರಿಸಿಲ್ಲ. ರೀವ್ಯಾಲ್ಯುಯೇಷನ್‌ಗೆ ಹಾಕೋಣವೆಂದು ಒಂದು ಕ್ಷಣ ಅನ್ನಿಸಿತು. ಆದರೆ ಎಗ್ಸಾಮಿನರ್ ಇರುವುದು ಒಬ್ಬಳೇ, ಅವಳಿಗಿರುವುದು ಒಂದೇ ಕಣ್ಣು, ಅದೂ ಈಗ ಬೇಕಾದ್ದಕ್ಕಿಂತ ಚೆನ್ನಾಗಿ ಕಾಣಿಸುತ್ತಿದೆ.